‘ಊಟ ತಯಾರಿದೆ’ ಬೋರ್ಡೂ ನನ್ನ 42 ಸ್ಲೈಡೂ

ಪರದೆಯ ಮೇಲೆ ಮೊದಲ ಸ್ಲೈಡ್ ಮೂಡಿದಾಗ ಸಭೆಯಲ್ಲಿ ಯಾರೂ ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಎರಡನೇ ಸಾಲಿನಲ್ಲಿ ಪಟಗಾ ಸುತ್ತಿ ಕೂತಿದ್ದ ಅಜ್ಜ ಪಕ್ಕದವನನ್ನು ಕೇಳಿದ, "ಇದ್ಯಾವ ದೇಶದ ಭಾಷಾನೋ?"

ಅಜ್ಜನ ತಪ್ಪೇನಿರಲಿಲ್ಲ. ‘ಮೆಣಸಿನಕಾಯಿ ಒಣಗಿಸುವ ಸುಧಾರಿತ ವಿಧಾನಗಳು: ಒಂದು ಅವಲೋಕನ’ ಎಂದು ನಾನು ಬರೆದಿದ್ದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು ಟೊಪ್ಪಿಗೆ ಹಾಕಿಕೊಂಡು, ಮೀಸೆ ಬಿಟ್ಟುಕೊಂಡು, ಒಂದರ ಮೈಮೇಲೊಂದು ಬಿದ್ದಿದ್ದವು. ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪು ಮಾಡಿದವರಿಗೆಲ್ಲ ಈ ದೃಶ್ಯ ಗೊತ್ತಿರುತ್ತದೆ. ಅಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ನಾವು ಬರೆದದ್ದು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ, ಅಷ್ಟೇ. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ಬಣ್ಣ ತೊಳೆದು ಹೋಗುತ್ತದೆ.

ನನ್ನ ಲ್ಯಾಪ್‌ಟಾಪಿನಲ್ಲೇ ತೋರಿಸಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆ ಊರಿನ ಸಮುದಾಯ ಭವನದ ಪ್ರೊಜೆಕ್ಟರಿಗೆ ಇದ್ದದ್ದು ನೀಲಿ ತಲೆಯ ಹಳೆಯ ವಿಜಿಎ ಕೇಬಲ್. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ಸಿಗಿಸುವ ತೂತೇ ಇಲ್ಲ. ಯಾರೋ ಪುಣ್ಯಾತ್ಮರು ತಮ್ಮ ಸೊಸೈಟಿಯ ಲ್ಯಾಪ್‌ಟಾಪ್ ತಂದುಕೊಟ್ಟರು, ಪೆನ್‌ಡ್ರೈವ್ ಹಾಕಿದೆವು, ಉಳಿದದ್ದು ಅಜ್ಜ ನೋಡಿದಂತೆ. ಒಬ್ಬ ಹುಡುಗ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನುಡಿ ಇಳಿಸಿಕೊಟ್ಟ. ಅರ್ಧ ತಾಸು ಹೋಯಿತು. ಅಷ್ಟರೊಳಗೆ ಚಹಾ ಎರಡು ಸಲ ಆಗಿತ್ತು.

ಇದು ನಡೆದದ್ದು ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ, ಜನವರಿಯಲ್ಲಿ, ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವ ಸುಗ್ಗಿಯ ನಡುವೆ. ನಾನು ಮತ್ತು ನಾವೆಲ್ಲ ಅಕ್ಕಾರು ಅನ್ನುವ ನಮ್ಮ ಹಿರಿಯ ಸಹೋದ್ಯೋಗಿ ಬೆಳಗಿನ ಏಳಕ್ಕೇ ಧಾರವಾಡ ಬಿಟ್ಟಿದ್ದೆವು. ಎರಡು ಊರು, ಎರಡು ಸಭೆ: ಹತ್ತೂವರೆಗೆ ಇಲ್ಲಿ, ಮಧ್ಯಾಹ್ನ ಮೂರಕ್ಕೆ ರಾಣೆಬೆನ್ನೂರು ಕಡೆ ಇನ್ನೊಂದು. ನನ್ನ ಪಿಪಿಟಿಯಲ್ಲಿ 42 ಸ್ಲೈಡ್. ಅದನ್ನು ಮಾಡಲು ನಾಲ್ಕು ರಾತ್ರಿ ಕೂತಿದ್ದೆ, ಒಳಗೊಳಗೇ ಜಂಭವೂ ಇತ್ತು. ಕಡುನೀಲಿ ಹಿನ್ನೆಲೆ, ಹಳದಿ ಅಕ್ಷರ, ಎಡಗಡೆಯಿಂದ ಹಾರಿಬರುವ ಬುಲೆಟ್‌ಗಳು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ ಟ್ಯಾಗ್) ಸಿಕ್ಕಿತು ಎಂದು ಬ್ಯಾಡಗಿಯವರಿಗೇ ತಿಳಿಸುವ ಒಂದು ಸ್ಲೈಡ್ ಕೂಡ ಇತ್ತು.

ಫಾಂಟು ಸರಿಹೋದ ಮೇಲೆ ನಾನು ಓಟ ಕಿತ್ತೆ. ಹೋದ ಹೊತ್ತನ್ನು ಮಾತಿನಲ್ಲಿ ಹಿಡಿಯಬೇಕಿತ್ತು. ಪರದೆಯ ಕಡೆ ತಿರುಗಿ, ಅಲ್ಲಿದ್ದದ್ದನ್ನು ಗಟ್ಟಿಯಾಗಿ ಓದುವುದು, ಮುಂದಿನದಕ್ಕೆ ಹೋಗುವುದು. ಹದಿನೇಳನೇ ಸ್ಲೈಡಿಗೆ ಹಿಂದಿನಿಂದ ಒಂದು ದನಿ ಬಂತು: "ಸರ, ಹಿಂದಿನವ್ರಿಗೆ ಏನೂ ಕಾಣವಲ್ದು ನೋಡ್ರಿ." ಇನ್ನೊಬ್ಬರು ಸಮಾಧಾನ ಮಾಡಿದರು, "ಮುಂದಿನವ್ರಿಗೂ ಅಷ್ಟರಾಗ ಐತಿ ಬಿಡೋ."

ಅಕ್ಕಾರು ಎದ್ದು ಬಂದು ಮೆಲ್ಲಗೆ ಅಂದರು, "ತಮ್ಮಾ, ಸ್ವಲ್ಪ ಅದನ್ನ ಆರಿಸು." ಸ್ಲೈಡ್ ಓಡುತ್ತಿರುವಾಗ ಕೀಬೋರ್ಡಿನಲ್ಲಿ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಸ್ಲೈಡ್ ಮರಳುತ್ತದೆ. ಒತ್ತಿದೆ. ಅಕ್ಕಾರು ಚೀಲದಿಂದ ಒಂದು ಹಿಡಿ ಕಾಯಿ ತೆಗೆದು ಮುಂದಿನ ಸಾಲಿನವರ ಕಿವಿ ಹತ್ತಿರ ಅಲುಗಾಡಿಸಿದರು. "ಬೀಜ ಗಲಗಲ ಅಂತಾವಿಲ್ಲೋ? ಅಂದ್ರ ಒಣಗೇತಿ. ಸಪ್ಪಳಿಲ್ಲಂದ್ರ ಒಳಗ ಇನ್ನೂ ಪಸಿ ಐತಿ." ನನ್ನ ಹನ್ನೊಂದನೇ ಸ್ಲೈಡಿನಲ್ಲಿ ಇದೇ ಮಾತು ‘ತೇವಾಂಶವು ಶೇ. 10ರ ಆಸುಪಾಸಿಗೆ ಇಳಿಯುವುದು ಅಪೇಕ್ಷಣೀಯ’ ಎಂದಿತ್ತು.

ಮಾಡಲು ಬೇರೆ ಕೆಲಸವಿಲ್ಲದೆ ನಾನು ಹೋಗಿ ಕಡೆಯ ಸಾಲಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅಕ್ಕಾರು ಅಫ್ಲಾಟಾಕ್ಸಿನ್, ಅಂದರೆ ಬೂಷ್ಟಿನ ವಿಷದ, ಸ್ಲೈಡ್ ಬೇಕು ಅಂದರು. ಆ ಹುಡುಗನೇ ಹುಡುಕಿ ಹಾಕಿದ. ನಾಲ್ಕು ರಾತ್ರಿ ಕೂತು ಮಾಡಿದ ನನ್ನ ಸ್ಲೈಡನ್ನು ನಾನು ಮೊದಲ ಸಲ ಸುಮಾರು ನಲವತ್ತು ಅಡಿ ದೂರದಿಂದ ನೋಡಿದೆ. ಏನೂ ಕಾಣಲಿಲ್ಲ. ನೀಲಿಯ ಮೇಲೆ ಹಳದಿ ಧೂಳು.

ಭವನದ ಕಿಟಕಿಗಳಿಗೆ ಪರದೆ ಇರಲಿಲ್ಲ. ಪ್ರೊಜೆಕ್ಟರಿಗೆ ಬೆಳಕು ಚೆಲ್ಲುವುದಷ್ಟೇ ಗೊತ್ತು, ಕತ್ತಲೆ ಚೆಲ್ಲುವುದು ಗೊತ್ತಿಲ್ಲ. ನನ್ನ ಕಡುನೀಲಿ ಅಂದರೆ ಅದು ಹೆಚ್ಚು ಬೆಳಕು ಬೀಳಿಸದೆ ಬಿಟ್ಟ ಜಾಗ. ಅಲ್ಲಿ ಕಿಟಕಿಯ ಬಿಸಿಲು ಬಂದು ಕೂತಿತ್ತು. ಇದರ ಮೇಲೆ ಇನ್ನೊಂದು. ನಾನು ಮಾಡಿದ್ದು ಈಗಿನ ಅಗಲದ 16:9 ಸ್ಲೈಡ್, ಪ್ರೊಜೆಕ್ಟರು ಹಳೆಯ 4:3. ಮೇಲೆ ಕೆಳಗೆ ಪಟ್ಟಿ ಬಿದ್ದು ಪರದೆಯ ಕಾಲು ಭಾಗ ದಂಡವಾಗಿತ್ತು. ಊಟಕ್ಕೆ ಹೋಗುವಾಗ ಜೀಪಿನಲ್ಲಿ ಲೆಕ್ಕ ಹಾಕಿದೆ. ಪರದೆ ಆರು ಅಡಿ ಅಗಲ, ಚಿತ್ರ ಬಿದ್ದದ್ದು ನಲವತ್ತು ಇಂಚು ಎತ್ತರಕ್ಕೆ. ಸ್ಲೈಡಿನ ಎತ್ತರ 540 ಪಾಯಿಂಟ್, ನನ್ನ ಅಕ್ಷರ 18 ಪಾಯಿಂಟ್, ಅಂದರೆ ಮೂವತ್ತರಲ್ಲಿ ಒಂದು ಪಾಲು. ಪರದೆಯ ಮೇಲೆ ಒಂದು ಸಾಲಿಗೆ ಸಿಕ್ಕದ್ದು ಒಂದೂಕಾಲು ಇಂಚಿಗಿಂತ ತುಸು ಹೆಚ್ಚು. ಇಂಗ್ಲಿಷಿಗಾದರೆ ಹೇಗೋ ನಡೆದೀತು. ನಮ್ಮ ಅಕ್ಷರ ಮೂರಂತಸ್ತಿನ ಮನೆ: ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಮೂವರೂ ಅಷ್ಟರಲ್ಲೇ ಸಂಸಾರ ಮಾಡಬೇಕು. ಸಾಲದ್ದಕ್ಕೆ ಟೆಂಪ್ಲೇಟಿನಲ್ಲಿ ಸಾಲುಗಳ ನಡುವಿನ ಅಂತರ 0.9 ಇತ್ತು, ನಾನು ಮುಟ್ಟಿರಲಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹಾಯುತ್ತಿತ್ತು.

ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬದಿಯ ಖಾನಾವಳಿಯೊಂದರ ಮುಂದೆ ಡ್ರೈವರ್ ತಾನಾಗಿ ಜೀಪು ನಿಲ್ಲಿಸಿದ. ಹೊರಗೆ ತಗಡಿನ ಬೋರ್ಡು: ಊಟ ತಯಾರಿದೆ. ಅಕ್ಕಾರು ಅದನ್ನೇ ನೋಡುತ್ತ ನಕ್ಕರು. "ಇದನ್ನ ನೀ ಬರದಿದ್ರ ಏನಂತ ಬರೀತಿದ್ದಿ ಹೇಳು? ‘ಭೋಜನ ವ್ಯವಸ್ಥೆ: ಒಂದು ಅವಲೋಕನ’."

ನನಗೆ ನಗು ಬರಲಿಲ್ಲ. ರೊಟ್ಟಿ ಬರುವುದರೊಳಗೆ ಲ್ಯಾಪ್‌ಟಾಪ್ ತೆರೆದು ಶೀರ್ಷಿಕೆಗಳನ್ನಷ್ಟೇ ಓದುತ್ತಾ ಹೋದೆ. ಪೀಠಿಕೆ. ಹಿನ್ನೆಲೆ. ಉದ್ದೇಶಗಳು. ವಿಧಾನಗಳು. ಸವಾಲುಗಳು. ನಲವತ್ತೆರಡರಲ್ಲಿ ಒಂದೂ ಏನನ್ನೂ ಹೇಳುತ್ತಿರಲಿಲ್ಲ, ಏನನ್ನೋ ಹೇಳುವುದಿದೆ ಎಂದಷ್ಟೇ ಹೇಳುತ್ತಿತ್ತು. ಹೇಳಬೇಕಾದದ್ದೆಲ್ಲ ಕೆಳಗಿನ ಬುಲೆಟ್‌ಗಳಲ್ಲಿ ಅಡಗಿತ್ತು. ಆ ಬುಲೆಟ್‌ಗಳನ್ನು ನಾನು ಬರೆದುಕೊಂಡದ್ದಾದರೂ ಯಾರಿಗಾಗಿ? ರೈತರಿಗಾಗಿ ಅಲ್ಲ. ನಿಂತಲ್ಲಿ ಮಾತು ಮರೆತರೆ ಇರಲಿ ಅಂತ ನನಗಾಗಿ. ಪರೀಕ್ಷೆಗೆ ಒಯ್ಯುವ ಚೀಟಿಯನ್ನು ಆರು ಅಡಿ ದೊಡ್ಡದು ಮಾಡಿ ಊರಿಗೆಲ್ಲ ತೋರಿಸಿದ್ದೆ.

ಧಾರವಾಡದಲ್ಲಿ ನಾನು ಓದುವಾಗ ಒಬ್ಬ ಮೇಷ್ಟ್ರು ಓವರ್‌ಹೆಡ್ ಪ್ರೊಜೆಕ್ಟರ್ ಇಟ್ಟು ಪಾಠ ಮಾಡುತ್ತಿದ್ದರು. ಪ್ಲಾಸ್ಟಿಕ್ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕೈಯಾರೆ ಬರೆಯುವುದು. ಕೈ ನೋಯುತ್ತದಲ್ಲ, ಹಾಗಾಗಿ ಹಾಳೆಗೆ ನಾಲ್ಕೇ ಸಾಲು. 1987ರಲ್ಲಿ ಪವರ್‌ಪಾಯಿಂಟ್ ಹುಟ್ಟಿದ್ದೂ ಇಂಥ ಹಾಳೆಗಳನ್ನು ಕಂಪ್ಯೂಟರಿನಲ್ಲಿ ತಯಾರಿಸಿಕೊಳ್ಳಲಿಕ್ಕೇ. ಮೊದಲು ಬಂದದ್ದು ಆ್ಯಪಲ್ ಮ್ಯಾಕಿಂಟಾಷಿಗೆ. ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು. ಕೈ ನೋಯುವುದು ತಪ್ಪಿತು, ಕೇಳುವವರ ತಲೆನೋವು ಶುರುವಾಯಿತು.

ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಚಟ್ನಿ. ಒಂದು ಕೈಯಲ್ಲಿ ಊಟ, ಇನ್ನೊಂದು ಕೈಯಲ್ಲಿ ಡಿಲೀಟ್. ಏಳು ಬಣ್ಣದ ಮೂರು ಆಯಾಮದ ಪೈ ಚಾರ್ಟ್ ಮೊದಲು ಹೋಯಿತು. ಅದರಲ್ಲಿ ಮುಂದೆ ಬಂದ ತುಂಡು ಸುಮ್ಮನೆ ದೊಡ್ಡದಾಗಿ ಕಾಣುತ್ತದೆ, ನಿಜಕ್ಕೂ ದೊಡ್ಡದಿರುವ ಹಿಂದಿನದು ಸಣ್ಣಗೆ. ಹಾರುವ ಬುಲೆಟ್‌ಗಳು ಹೋದವು. ಭೌಗೋಳಿಕ ಸೂಚಕದ ಸ್ಲೈಡ್ ಹೋಯಿತು. ‘ಧನ್ಯವಾದಗಳು’ ಸ್ಲೈಡಿನ ಮೇಲೆ ಕೈ ಹೋದಾಗ ಅಕ್ಕಾರು "ಅದನ್ನ ಬಾಯಿಲೇ ಹೇಳೂಣು" ಅಂದರು. ಉಳಿದದ್ದು ಒಂಬತ್ತು. ಹಳೆಯ ನುಡಿ ಅಕ್ಷರಗಳನ್ನು ಬದಲಿಸುವ ಗೋಜಿಗೇ ಹೋಗಲಿಲ್ಲ. ಒಂಬತ್ತು ಸಾಲನ್ನು, ಕಂಪ್ಯೂಟರು ಕನ್ನಡವೆಂದೇ ಗುರುತಿಸುವ ಯೂನಿಕೋಡಿನಲ್ಲಿ ಹೊಸದಾಗಿ ಟೈಪು ಮಾಡಲು ಎಷ್ಟು ಹೊತ್ತು? ವಿಂಡೋಸಿನ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟು, ಸಾಲಿನ ಅಂತರ 1.2, ಬಿಳಿಯ ಮೇಲೆ ಕಪ್ಪು, ಅಳತೆ 4:3. ಯಾವುದಕ್ಕೂ ಇರಲಿ ಅಂತ ಪಿಡಿಎಫ್ ಒಂದು.

ವಾದ ನಡೆದದ್ದು ಭಾಷೆಯ ಮೇಲೆ. ‘ಒಣಗಿಸುವ ವಿಧಾನಗಳು’ ಅನ್ನುವುದನ್ನು ‘ಬರೀ ನೆಲದ ಮ್ಯಾಲ ಒಣಗಿಸಬ್ಯಾಡ್ರಿ’ ಎಂದು ಬರೆ ಅಂದರು ಅಕ್ಕಾರು. ಆಫೀಸಿನವರು ನೋಡಿದರೆ ಏನಂದಾರು ಅಂತ ನಾನು ಹೆದರಿದೆ. ಕೊನೆಗೆ ‘ಬರೀ ನೆಲದ ಮೇಲೆ ಒಣಗಿಸಬೇಡಿ’ ಎಂದಾಯಿತು, ಕೆಳಗೆ ತಾಡಪತ್ರಿ ಹಾಸಿದ ಕಣದ ಒಂದೇ ಫೋಟೊ. ಇಂದಿಗೂ ನನಗೆ ಅವರ ಸಾಲೇ ಸರಿ ಅನ್ನಿಸುತ್ತದೆ.

ಬಹಳ ಹೊತ್ತು ತಿಂದದ್ದು ಅಫ್ಲಾಟಾಕ್ಸಿನ್ ಸ್ಲೈಡ್. ಪಸಿಕಾಯಿಗೆ ಹತ್ತುವ ಬೂಷ್ಟಿನಿಂದ ಬರುವ ವಿಷ ಅದು. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕೆಜಿಗೆ 10 ಮೈಕ್ರೋಗ್ರಾಂ ದಾಟುವಂತಿಲ್ಲ. ನಾನು ಬರೆದದ್ದೂ ಹಾಗೇ. "ಮೈಕ್ರೋಗ್ರಾಂ ಯಾರ ತಕ್ಕಡ್ಯಾಗ ಐತಿ?" ಅಂದರು ಅಕ್ಕಾರು. ಮೊಬೈಲಿನಲ್ಲಿ ಗುಣಾಕಾರ ಮಾಡಿ, ನಂಬಿಕೆ ಬಾರದೆ ಮತ್ತೆ ಮಾಡಿದೆ. ಸಾವಿರ ಕ್ವಿಂಟಲಿಗೆ ಒಂದು ಗ್ರಾಂ. ಸ್ಲೈಡಿನ ಮೇಲೆ ಅದೊಂದೇ ಸಾಲು ಬಿಟ್ಟೆವು.

ಪರೀಕ್ಷೆಯೂ ಅಲ್ಲೇ ಆಯಿತು. ಕಡೆಯ ಸಾಲು ಚಿತ್ರದ ಎತ್ತರದ ಹನ್ನೆರಡು ಪಟ್ಟು ದೂರದಲ್ಲಿತ್ತು. ಲ್ಯಾಪ್‌ಟಾಪಿನ ಪರದೆ ಏಳು ಇಂಚು ಎತ್ತರ, ಹನ್ನೆರಡು ಪಟ್ಟು ಅಂದರೆ ಏಳು ಅಡಿ. ಟೇಬಲ್ಲಿನ ಮೇಲೆ ಅದನ್ನಿಟ್ಟು ಕೈ ತೊಳೆಯುವ ನಲ್ಲಿಯ ಹತ್ತಿರ ನಿಂತು ಓದಿದೆ. ತಾಟು ಎತ್ತಲು ಬಂದ ಹುಡುಗನೂ ನಿಂತು ಗಟ್ಟಿಯಾಗಿ ಓದಿದ: "ರಾತ್ರಿ ರಾಶಿ ಮಾಡಿ ಮುಚ್ಚಿ. ಇಬ್ಬನಿ ಬೀಳುತ್ತದೆ." ಆಮೇಲೆ ನನ್ನನ್ನು ಕೇಳಿದ, "ಯಾವುದರ ರಾಶಿರೀ?" ‘ಕಾಯಿಯನ್ನು’ ಅಂತ ಸೇರಿಸಿದೆ.

ಮೂರು ಗಂಟೆಯ ಸಭೆಯಲ್ಲಿ ಯಾರೂ ಕಾಣವಲ್ದು ಅನ್ನಲಿಲ್ಲ. ‘ಒಣಕಾಯಿಗೆ ನೀರು ಚಿಮುಕಿಸಬೇಡಿ’ ಸ್ಲೈಡಿಗೆ ದೊಡ್ಡ ಗದ್ದಲವೇ ಎದ್ದಿತು. ಚಿಮುಕಿಸದಿದ್ದರೆ ಚೀಲ ತುಂಬುವಾಗ ಕಾಯಿ ಮುರಿಯುತ್ತದೆ, ಮುರಿದದ್ದಕ್ಕೆ ರೇಟು ಯಾರು ಕೊಡುತ್ತಾರೆ ಅಂತ. ಅರ್ಧ ತಾಸು ಅದೇ ನಡೆಯಿತು. ಉತ್ತರ ನಮ್ಮ ಹತ್ತಿರ ಪೂರ್ತಿ ಇರಲಿಲ್ಲ.

ಕೈಕೊಟ್ಟದ್ದು ಎಂಟನೆಯದು. ಒಳ್ಳೆಯ ಕಾಯಿ, ಬಣ್ಣಗೆಟ್ಟ ಕಾಯಿ, ಅಕ್ಕಪಕ್ಕದಲ್ಲಿ ಎರಡು ಫೋಟೊ. ಒಂಬತ್ತರಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಬ್ಯಾಡಗಿಗೆ ಹೆಸರಿರುವುದೇ ಬಣ್ಣಕ್ಕೆ, ಖಾರಕ್ಕಲ್ಲ. ಆದರೆ ಆ ಪ್ರೊಜೆಕ್ಟರಿನ ದೀಪ ಮುದಿಯಾಗಿತ್ತೋ ಏನೋ, ಎರಡೂ ಕಾಯಿ ಒಂದೇ ತೆರನಾಗಿ ಇಟ್ಟಂಗಿ ಬಣ್ಣಕ್ಕೆ ಬಿದ್ದವು. "ಇವೆರಡೂ ನಮ್ಮೂರವಲ್ಲ ಬಿಡ್ರಿ," ಅಂದರು ಒಬ್ಬರು. ನಾನು ‘ಬಿ’ ಒತ್ತಿದೆ. ಅಕ್ಕಾರು ಚೀಲದಿಂದ ಎರಡು ಕಾಯಿ ತೆಗೆದು ಸಾಲಿಗೆ ಬಿಟ್ಟರು. ಕೈಯಿಂದ ಕೈಗೆ ಹೋಗಿ ಮರಳಿ ಬಂದದ್ದು ಬಣ್ಣಗೆಟ್ಟದ್ದೊಂದೇ.

ಮರುದಿನ ಆಫೀಸಿನಿಂದ ಪಿಪಿಟಿ ಕೇಳಿದರು, ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಒಂಬತ್ತೇ? ಲೋಗೊ ಇಲ್ಲ, ಉದ್ದೇಶಗಳಿಲ್ಲ. ವರದಿಗೆ ಏನು ಲಗತ್ತಿಸೂದ್ರಿ?" ಹಳೆಯ ನಲವತ್ತೆರಡರದನ್ನೇ ಕಳಿಸಿದೆ. ಚೆನ್ನಾಗಿ ಬಂದಿದೆ ಅಂದರು.