ನನ್ನ ಮಿಯಾಟಾ ಮಾರಾಟಕ್ಕಿದೆ
ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ನಾನು ಕೊಂಡ, ಬಟ್ಟೆಯ ಛಾವಣಿ ಮಡಚಬಹುದಾದ 1993ರ ಮಜ್ದಾ ಮಿಯಾಟಾ ಕಾರನ್ನು ಈಗ ಮಾರಲು ನಿರ್ಧರಿಸಿದ್ದೇನೆ. 1989ರ ಶಿಕಾಗೋ ವಾಹನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಎರಡು ಆಸನಗಳ ಕಾರಿನ ಮೊದಲ ತಲೆಮಾರಿಗೆ ಮಾತ್ರ ಮೇಲೆದ್ದು ನಿಲ್ಲುವ ಮುಂದೀಪಗಳಿವೆ. ಹಲವರು ಇದನ್ನು ಅರಸಿ ಬರುವುದಕ್ಕೆ ಅದೂ ಒಂದು ಕಾರಣವೆಂದು ನನ್ನ ಅನಿಸಿಕೆ.

ನೋಡಲು ಬರುವವರು ಬಣ್ಣದ ಹೊಳಪಿಗೆ ಮಾರುಹೋಗುತ್ತಾರೆ, ಆದರೆ ಪರೀಕ್ಷಿಸಬೇಕಾದದ್ದು ಬಾಗಿಲುಗಳ ಕೆಳಗಿನ ತಗಡನ್ನು. ಛಾವಣಿಯಿಂದ ಇಳಿಯುವ ಮಳೆನೀರು ಆಸನಗಳ ಹಿಂದಿರುವ ಕೊಳವೆಗಳ ಮೂಲಕ ಹೊರಹೋಗಬೇಕು. ಅಲ್ಲಿ ಎಲೆ, ಧೂಳು ಕಟ್ಟಿಕೊಂಡರೆ ನೀರು ಒಳಗೇ ನಿಂತು ಆ ತಗಡಿಗೆ ತುಕ್ಕು ಹಿಡಿಯುತ್ತದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಆ ಕೊಳವೆಗಳನ್ನು ನಾನೇ ಶುಚಿಗೊಳಿಸಿದ್ದೇನೆ. ಛಾವಣಿ ಮಡಚುವ ಮೊದಲು ಹಿಂಬದಿಯ ಪ್ಲಾಸ್ಟಿಕ್ ಕಿಟಕಿಯ ಜಿಪ್ ಬಿಚ್ಚಿ, ಅದನ್ನು ಚಪ್ಪಟೆಯಾಗಿ ಮಲಗಿಸುವ ಅಭ್ಯಾಸವಿದ್ದುದರಿಂದ ಅದರಲ್ಲಿ ಬಿರುಕುಗಳಿಲ್ಲ. (ಅವಸರದ ಗೆಳೆಯರಿಗೆ ಕಾರು ಕೊಡದಿದ್ದುದೂ ನೆರವಾಗಿದೆ.) 60,000 ಮೈಲಿಗೊಮ್ಮೆ ಬದಲಿಸಬೇಕಾದ ಟೈಮಿಂಗ್ ಬೆಲ್ಟ್‌ನದೂ ಸೇರಿದಂತೆ ಎಲ್ಲ ರಸೀದಿಗಳನ್ನು ಜೋಡಿಸಿಟ್ಟಿದ್ದೇನೆ.

ಇಲ್ಲಿನ ಕಾನೂನಿನಂತೆ ಹೊಗೆ ತಪಾಸಣೆಯ ಪ್ರಮಾಣಪತ್ರ ಒದಗಿಸುವುದು ಮಾರುವವರ ಹೊಣೆ, ಮತ್ತು ಅದು 90 ದಿನ ಮಾತ್ರ ಮಾನ್ಯವಾಗಿರುವುದರಿಂದ ಮಾತುಕತೆ ಒಂದು ಹಂತಕ್ಕೆ ಬಂದ ಮೇಲೆ ಮಾಡಿಸುತ್ತೇನೆ. ಮಾರಾಟವಾದ 5 ದಿನಗಳೊಳಗೆ ಡಿಎಂವಿಗೆ (ವಾಹನ ನೋಂದಣಿ ನೋಡಿಕೊಳ್ಳುವ ರಾಜ್ಯ ಇಲಾಖೆಗೆ) ನಾನೇ ತಿಳಿಸುತ್ತೇನೆ. ಚೌಕಾಸಿಗೆ ನನ್ನ ಅಭ್ಯಂತರವಿಲ್ಲ. ಆದರೆ ಕಾರನ್ನು ಎತ್ತಿಸಿ ತಳಭಾಗವನ್ನು ನೋಡದೆಯೇ ಬೆಲೆ ಇಳಿಸಲು ಕೇಳುವವರೊಡನೆ ಮಾತು ಮುಂದುವರಿಸಲಾರೆ.