ಎಸ್‌ಎಂಪಿಎಸ್‌ಗೆ ಲೋಡ್ ಹಾಕಿ ನೋಡಿದ ದಿನ

ಎಸ್‌ಎಂಪಿಎಸ್ ಅಂದರೆ ಗೋಡೆಯ ಎಸಿಯನ್ನು ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟಿನ ಡಿಸಿಗೆ ಇಳಿಸುವ ಪವರ್ ಸಪ್ಲೈ ಡಬ್ಬ. ಅದರ ದೊಡ್ಡ ಕನೆಕ್ಟರಿನ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸುವುದು, ಫ್ಯಾನ್ ತಿರುಗಿದರೆ "ಎಸ್‌ಎಂಪಿಎಸ್ ಚೆನ್ನಾಗಿದೆ" ಅನ್ನುವುದು. ಕಂಪ್ಯೂಟರ್ ಬಿಚ್ಚುವವರೆಲ್ಲ ಮಾಡುವ ಪರೀಕ್ಷೆ ಇದು. ಇದರಿಂದ ಗೊತ್ತಾಗುವುದು ಇಷ್ಟೇ: ಸಪ್ಲೈ ಇನ್ನೂ ಸತ್ತಿಲ್ಲ.

ನನ್ನ ಕಂಪ್ಯೂಟರಿನ ಎಸ್‌ಎಂಪಿಎಸ್ ಈ ಪರೀಕ್ಷೆಯಲ್ಲಿ ಆರಾಮಾಗಿ ಪಾಸಾಗುತ್ತಿತ್ತು. ಮಲ್ಟಿಮೀಟರ್ ಹಿಡಿದರೆ 12.1, 5.05, 3.3 ವೋಲ್ಟ್. ಎಲ್ಲ ಸರಿ. ಆದರೆ ವಿಡಿಯೋ ರೆಂಡರ್‌ಗೆ ಹಾಕಿದರೆ ಹತ್ತು ನಿಮಿಷದೊಳಗೆ ರೀಸ್ಟಾರ್ಟ್. ಸುಮ್ನೆ ಏನಾದರೂ ಓದುತ್ತಾ ಕೂತರೆ ದಿನವಿಡೀ ತೊಂದರೆ ಇಲ್ಲ. ಪವರ್ ಎಲೆಕ್ಟ್ರಾನಿಕ್ಸ್ ಕೆಲಸದಲ್ಲಿರುವ ಗೆಳೆಯನಿಗೆ ಹೇಳಿದೆ. "ಲೋಡ್ ಇಲ್ಲದೆ ಅಳೆದರೆ ಏನು ಗೊತ್ತಾಗುತ್ತೆ ಮಾರಾಯ? ಖಾಲಿ ಚೀಲ ಹೊತ್ತು ಬಂದವನನ್ನು ನೋಡಿ ಇವನು ಎಷ್ಟು ಮೂಟೆ ಹೊರುತ್ತಾನೆ ಅಂತ ಹೇಳಿದ ಹಾಗಾಯ್ತು" ಅಂದ. ಹಳೆಯದನ್ನೂ, ಅದರ ಬದಲಿಗೆ ತರಿಸಿಟ್ಟಿದ್ದ ಹೊಸದನ್ನೂ ಎತ್ತಿಕೊಂಡು ಅವನ ಹತ್ತಿರ ಹೋದೆ.

ಅವನ ಮೇಜಿನ ಮೇಲೆ ಎಲೆಕ್ಟ್ರಾನಿಕ್ ಲೋಡ್ ಇತ್ತು. ಎಷ್ಟು ಆಂಪ್ ಬೇಕೋ ಅಷ್ಟಕ್ಕೆ ಗುಂಡಿ ತಿರುಗಿಸಿದರೆ ಅದು ಸಪ್ಲೈಯಿಂದ ಸರಿಯಾಗಿ ಅಷ್ಟನ್ನೇ ಎಳೆದು ಬಿಸಿಯಾಗಿ ಹೊರಗೆ ಬಿಡುತ್ತದೆ. ಹಿಂದೆ 12 ವೋಲ್ಟಿನ ಹ್ಯಾಲೋಜನ್ ಬಲ್ಬುಗಳನ್ನೇ ಲೋಡ್ ಮಾಡಿಕೊಂಡಿದ್ದನಂತೆ. ಅದರಲ್ಲೊಂದು ಎಡವಟ್ಟಿದೆ. ತಣ್ಣಗಿರುವ ಫಿಲಮೆಂಟಿಗೆ ಪ್ರತಿರೋಧ ತುಂಬಾ ಕಡಿಮೆ. ಮೊದಲ ಕ್ಷಣದಲ್ಲಿ ಅದು ಹತ್ತು ಪಟ್ಟಿನವರೆಗೂ ಕರೆಂಟ್ ಎಳೆಯುತ್ತೆ. ಒಳ್ಳೆಯ ಸಪ್ಲೈ ಇದನ್ನು ಶಾರ್ಟ್ ಅಂದುಕೊಂಡು ಆಫ್ ಆಗಿಬಿಡುತ್ತೆ, ನೋಡುವವರು ಸಪ್ಲೈಯನ್ನೇ ಬೈಯುತ್ತಾರೆ.

ಹಳೆಯದಕ್ಕೆ ವೈರ್ ಜೋಡಿಸುವ ಮೊದಲು ಅವನು ಲೇಬಲ್ ಓದಿದ. ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್. ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟಿಗೆ ಬರೀ 24 ಆಂಪ್. ಅಂದರೆ 288 ವ್ಯಾಟ್. ಈಗಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಹೆಚ್ಚುಕಡಿಮೆ ಎಲ್ಲವನ್ನೂ 12 ವೋಲ್ಟಿನಿಂದಲೇ ತಗೊಳ್ಳುತ್ತವೆ. ಉಳಿದ ವ್ಯಾಟು 5 ಮತ್ತು 3.3 ವೋಲ್ಟಿನ ಲೆಕ್ಕದಲ್ಲಿ ಸುಮ್ನೆ ಕೂತಿರುತ್ತೆ, ನಮಗೆ ಉಪಯೋಗವಿಲ್ಲ.

ಲೋಡ್ ಏರಿಸುತ್ತಾ ಹೋದ. 18 ಆಂಪ್ ಹೊತ್ತಿಗೆ 12 ವೋಲ್ಟ್ 11.3ಕ್ಕೆ ಇಳಿದಿತ್ತು. ಕಂಪ್ಯೂಟರ್ ಸಪ್ಲೈಗಳಿಗಿರುವ ಎಟಿಎಕ್ಸ್ ನಿಯಮದ ಪ್ರಕಾರ ಶೇ. 5ರಷ್ಟು ಆಚೀಚೆ ಆಗಬಹುದು, ಅಂದರೆ 11.4ರಿಂದ 12.6. ಇದು ಆಗಲೇ ಗೆರೆ ದಾಟಿತ್ತು. ವಿಚಿತ್ರ ಅಂದರೆ ನಾವು ಹೆಚ್ಚು ಮುಟ್ಟದೇ ಇದ್ದ 5 ವೋಲ್ಟ್ ಮೇಲೇರಿ 5.3 ಆಗಿತ್ತು. ಕಾರಣ ಸರಳ. ಹಳೆಯ ಅಗ್ಗದ ವಿನ್ಯಾಸಗಳಲ್ಲಿ ಎರಡೂ ವೋಲ್ಟೇಜನ್ನು ಒಂದೇ ನಿಯಂತ್ರಣ ನೋಡಿಕೊಳ್ಳುತ್ತದೆ. 12 ಕುಸಿಯಿತು ಅಂತ ಅದು ಜೋರಾಗಿ ತಳ್ಳಿದರೆ 5 ಕೂಡ ಜೊತೆಗೇ ಏರುತ್ತದೆ. ಈಗಿನ ಒಳ್ಳೆಯ ಸಪ್ಲೈಗಳು ಮೊದಲು 12 ಮಾತ್ರ ತಯಾರಿಸಿ, ಉಳಿದೆರಡನ್ನು ಚಿಕ್ಕ ಡಿಸಿ-ಡಿಸಿ ಬೋರ್ಡುಗಳಲ್ಲಿ ಅದರಿಂದಲೇ ಇಳಿಸಿಕೊಳ್ಳುತ್ತವೆ.

ನನ್ನ ಕಂಪ್ಯೂಟರ್ ಯಾಕೆ ರೀಸ್ಟಾರ್ಟ್ ಆಗುತ್ತಿತ್ತು ಅನ್ನುವುದಕ್ಕೆ ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ, ವೋಲ್ಟೇಜ್ ಕ್ಷಣಕ್ಷಣಕ್ಕೂ ಹೇಗೆ ಬದಲಾಗುತ್ತೆ ಅಂತ ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿತ್ತು.

ಮೀಟರ್ ತೋರಿಸುವುದು ಸರಾಸರಿ. ಅದರ ಮೇಲೆ ಕೂತಿರುವ ರಿಪಲ್, ಅಂದರೆ ವೋಲ್ಟೇಜಿನ ಸಣ್ಣ, ವೇಗದ ಏರಿಳಿತ, ಕಾಣಬೇಕಾದರೆ ಸ್ಕೋಪೇ ಬೇಕು. ಅಳೆಯುವುದಕ್ಕೂ ಕ್ರಮ ಇದೆ. ಕನೆಕ್ಟರಿನ ತುದಿಯಲ್ಲಿ 10 ಮೈಕ್ರೋಫ್ಯಾರಡ್‌ನದೊಂದು, 0.1ರದೊಂದು ಕೆಪಾಸಿಟರ್ ಹಾಕಬೇಕು. ಸ್ಕೋಪಿನ ಬ್ಯಾಂಡ್‌ವಿಡ್ತ್ 20 ಮೆಗಾಹರ್ಟ್ಸ್‌ಗೆ ಮಿತಿ ಮಾಡಬೇಕು. ಪ್ರೋಬಿನ ಉದ್ದನೆಯ ಗ್ರೌಂಡ್ ವೈರನ್ನು ಅವನು ಕಿತ್ತು ಪಕ್ಕಕ್ಕಿಟ್ಟು, ತುದಿಗೆ ಒಂದು ಪುಟ್ಟ ಸ್ಪ್ರಿಂಗ್ ಸುತ್ತಿದ. ಆ ವೈರ್ ಇದ್ದರೆ ಅದೇ ಆಂಟೆನಾ ಆಗಿ ಸುತ್ತಲಿನ ಗಲಾಟೆಯನ್ನೆಲ್ಲ ಹಿಡಿಯುತ್ತೆ. ಸ್ಪ್ರಿಂಗ್ ಹಾಕುತ್ತಿದ್ದ ಹಾಗೆ ಪರದೆಯ ಮೇಲಿನ ಗೆರೆ ಅರ್ಧಕ್ಕೆ ಅರ್ಧ ತೆಳ್ಳಗಾಯಿತು. ಆದರೂ 20 ಆಂಪ್ ಹೊತ್ತಿಗೆ 12 ವೋಲ್ಟಿನ ಮೇಲೆ 170 ಮಿಲಿವೋಲ್ಟ್ ರಿಪಲ್. ನಿಯಮದ ಮಿತಿ 120. 5 ಮತ್ತು 3.3ಕ್ಕೆ 50.

22 ಆಂಪ್. ವಾಸನೆ ಬರತೊಡಗಿತು. "ಈಗ ಆಫ್ ಆಗಬೇಕು" ಅಂದ. ಆಗಲಿಲ್ಲ. 23ಕ್ಕೆ ತಿರುಗಿಸಿದ. ಲೇಬಲ್ ಹೇಳಿದ್ದಕ್ಕಿಂತ ಇನ್ನೂ ಕಡಿಮೆಯೇ, ನೆನಪಿಡಿ. ಪಟಾರ್ ಅಂತ ಸದ್ದಾಯಿತು, ಫ್ಯಾನ್ ನಿಂತಿತು.

ಪ್ಲಗ್ ಕಿತ್ತು ಮುಚ್ಚಳ ತೆಗೆದು, ಕೈ ಹಾಕುವ ಮೊದಲು ದೊಡ್ಡ ಕೆಪಾಸಿಟರುಗಳ ಮೇಲೆ ಮೀಟರ್ ಹಿಡಿದ. ಸೊನ್ನೆ. ಟ್ರಾನ್ಸಿಸ್ಟರುಗಳು ಶಾರ್ಟ್ ಆಗುವಾಗಲೇ ಅವು ಖಾಲಿಯಾಗಿದ್ದವು. ಎಲ್ಲಾ ಸಲ ಹಾಗಿರುವುದಿಲ್ಲ. 230 ವೋಲ್ಟ್ ಎಸಿ ಡಿಸಿ ಆಗುವಾಗ 325 ವೋಲ್ಟ್ ಆಗುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕೂತಿರಬಹುದು. ಗೊತ್ತಿಲ್ಲದವರು ಎಸ್‌ಎಂಪಿಎಸ್ ಬಿಚ್ಚದೇ ಇರುವುದೇ ಒಳ್ಳೆಯದು.

ಒಳಗೆ ನೋಡಿದರೆ ನಗು ಬರುವ ಹಾಗಿತ್ತು. ಎಸಿ ಬರುವ ಜಾಗದಲ್ಲಿ, ಗಲಾಟೆ ತಡೆಯುವ ಫಿಲ್ಟರ್ ಕಾಯಿಲ್ ಇರಬೇಕಾದಲ್ಲಿ ಎರಡು ತುಂಡು ವೈರ್. ಬೋರ್ಡಿನ ಮೇಲೆ ಕಾಯಿಲಿನ ಚಿತ್ರ ಮಾತ್ರ ಅಚ್ಚಾಗಿತ್ತು. ಹೀಟ್‌ಸಿಂಕ್ ಅನ್ನಲು ತೆಳ್ಳನೆಯ ತಗಡು. ಔಟ್‌ಪುಟ್ ಕಡೆ 85 ಡಿಗ್ರಿಯವರೆಗೆ ಮಾತ್ರ ತಾಳುವ ಕೆಪಾಸಿಟರುಗಳು, ಎರಡರ ತಲೆ ಉಬ್ಬಿತ್ತು. ಏರಿಳಿತವನ್ನು ಸಮ ಮಾಡಬೇಕಾದವು ಇವೇ. ರಿಪಲ್ ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಹೊಸದು 550 ವ್ಯಾಟಿನದು, ಗೋಲ್ಡ್ ಪಟ್ಟಿ ಅಂಟಿಸಿತ್ತು. ಈ 80 ಪ್ಲಸ್ ಪಟ್ಟಿಯನ್ನು ಜನ ಗುಣಮಟ್ಟದ ಮುದ್ರೆ ಅಂದುಕೊಂಡಿದ್ದಾರೆ. ನನಗೆ ಇದು ಸ್ವಲ್ಪ ಕಿರಿಕಿರಿ. ಅದು ನೋಡುವುದು ಮುಖ್ಯವಾಗಿ ಎಷ್ಟು ಕರೆಂಟ್ ತಿಂದು ಎಷ್ಟು ಕೊಡುತ್ತೆ ಅನ್ನುವುದನ್ನು. 115 ವೋಲ್ಟಿನಲ್ಲಿ ಗೋಲ್ಡ್ ಬೇಕಾದರೆ ಶೇ. 20, 50, 100 ಲೋಡಿನಲ್ಲಿ ತಿಂದದ್ದರ ಶೇ. 87, 90, 87ರಷ್ಟು ಹೊರಗೆ ಬರಬೇಕು. ಅದೂ 23 ಡಿಗ್ರಿಯ ತಂಪಿನಲ್ಲಿ. ರಿಪಲ್ ಎಷ್ಟು, ಶಾರ್ಟ್ ಆದರೆ ಏನು ಮಾಡುತ್ತೆ ಎಂಬ ಸುದ್ದಿಯೇ ಅದರಲ್ಲಿಲ್ಲ.

ಹಾಗಾಗಿ ಇದನ್ನು ರಟ್ಟಿನ ಡಬ್ಬದೊಳಗಿಟ್ಟು, ಬಿಸಿ ಗಾಳಿ ಬಿಟ್ಟು, ಒಳಗೆ 45 ಡಿಗ್ರಿ ಮಾಡಿಕೊಂಡೇ ನೋಡಿದೆವು. ಅರ್ಧ ಲೋಡಿನಲ್ಲಿ 275 ವ್ಯಾಟ್ ಕೊಡಲು ಗೋಡೆಯಿಂದ 302 ಎಳೆಯಿತು. ಪೂರ್ತಿ ಲೋಡಿನಲ್ಲಿ 12 ವೋಲ್ಟ್ 11.98, ರಿಪಲ್ 22 ಮಿಲಿವೋಲ್ಟ್. ಅಂಕಿ ಚೆನ್ನಾಗಿತ್ತು, ಆದರೆ ಗೆಳೆಯನ ಮುಖದಲ್ಲಿ ಏನೂ ಬದಲಾವಣೆ ಇಲ್ಲ. ಅವನು ಕಾಯುತ್ತಿದ್ದುದು ಬೇರೆಯದಕ್ಕೆ.

ಲೋಡನ್ನು ಮಿತಿಗಿಂತ ಮೇಲೆ ಒಯ್ದ. 600, 650, 700. 710ರ ಹತ್ತಿರ ಟಿಕ್ ಅಂತ ಆಫ್ ಆಯಿತು. ಸದ್ದಿಲ್ಲ, ವಾಸನೆ ಇಲ್ಲ. ಪ್ಲಗ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ 12.05. ಆಮೇಲೆ ಒಂದೊಂದೇ ಔಟ್‌ಪುಟ್ಟನ್ನು ಗ್ರೌಂಡಿಗೆ ಶಾರ್ಟ್ ಮಾಡಿದ. ಪ್ರತಿ ಸಲವೂ ಅದೇ ಕತೆ. ಆಗ ಅವನ ಮುಖ ಅರಳಿತು. "ಕೊಡೋದು ಎಲ್ಲಕ್ಕೂ ಬರುತ್ತೆ ಕಣೋ. ಆಗಲ್ಲ ಅಂದಾಗ ನಿಲ್ಲಿಸೋದು ಬರಬೇಕು. ಇಲ್ಲದಿದ್ರೆ ತಾನೂ ಸುಟ್ಟುಕೊಂಡು ಮದರ್‌ಬೋರ್ಡನ್ನೂ ಸುಡುತ್ತೆ."

ಕೊನೆಗೆ ಎಸಿ ಕಡಿದಾಗ ಎಷ್ಟು ಹೊತ್ತು ತಾಳುತ್ತೆ ಅಂತ ನೋಡಿದೆವು. 12 ವೋಲ್ಟ್ 19 ಮಿಲಿಸೆಕೆಂಡ್ ನಿಂತಿತು. ಅದು ಕುಸಿಯುವ ಒಂದೂವರೆ ಮಿಲಿಸೆಕೆಂಡ್ ಮೊದಲೇ ಬೂದು ವೈರಿನ ಪವರ್ ಗುಡ್ ಸಿಗ್ನಲ್ ಕೆಳಗೆ ಬಂತು. ಹಾಗೆಯೇ ಬರಬೇಕು. ಮದರ್‌ಬೋರ್ಡಿಗೆ ಮುನ್ಸೂಚನೆ ಸಿಗುವುದು ಅಲ್ಲಿಂದಲೇ.

ಹೊಸದು ಕಂಪ್ಯೂಟರಿನೊಳಗೆ ಹೋಯಿತು, ರೀಸ್ಟಾರ್ಟ್ ನಿಂತಿತು. ಅದನ್ನು ಒಪ್ಪಿಸುವಾಗ ಗೆಳೆಯ ಡಬ್ಬದ ಪಕ್ಕದಲ್ಲಿ ಮಾರ್ಕರಿನಿಂದ ಅವತ್ತಿನ ರಿಪಲ್ ಅಂಕಿ "22" ಅಂತ ಬರೆದ. ಕೆಪಾಸಿಟರುಗಳು ಬಿಸಿಯಲ್ಲಿ ಒಣಗುತ್ತವೆ, ಒಣಗಿದಷ್ಟೂ ರಿಪಲ್ ಏರುತ್ತೆ. "ಒಂದೆರಡು ಬೇಸಿಗೆ ಹೋಗಲಿ, ಮತ್ತೆ ಅಳೆಯೋಣ. 40 ದಾಟಿದ್ರೆ ನನಗೆ ಕೊಡು, ಕೆಪಾಸಿಟರ್ ಬದಲಿಸ್ತೀನಿ" ಅಂದ.