ತೋಟದ ಕೆರೆಯ ಕಳೆ: ಯಂತ್ರ ಹೋದ ಮೇಲಿನ ಕೆಲಸವೇ ಹೆಚ್ಚು

ಫೆಬ್ರವರಿ ಬಂತೆಂದರೆ ಕೊಡಗಿನ ರೊಬಸ್ಟಾ ಕಾಫಿ ತೋಟಗಳಲ್ಲಿ ಹೂವಿಗೆ ಸ್ಪ್ರಿಂಕ್ಲರ್ ನೀರು ಶುರು. ಕೆರೆ ತುಂಬ ಕಳೆ ಇದ್ದರೆ ನೀರೊಳಗಿನ ಪೈಪಿನ ತುದಿಯ ಫುಟ್‌ವಾಲ್ವಿನ ಜಾಲರಿಗೆ ಬೇರು ಸುತ್ತಿಕೊಂಡು ಪಂಪು ನೀರೆತ್ತುವುದಿಲ್ಲ, ಸ್ಪ್ರಿಂಕ್ಲರ್ ಜೆಟ್ಟಿನ ಬಾಯಿಯೂ ಕಟ್ಟುತ್ತದೆ. ಆಗ ಕಳೆ ಎತ್ತಲು ಹಿಟಾಚಿ ಹುಡುಕಹೊರಟರೆ ತಡವಾಯಿತೆಂದೇ ಲೆಕ್ಕ. ಮಳೆ ನಿಂತು ಏರಿ ಗಟ್ಟಿಯಾದ ಮೇಲೆ, ಕೆರೆಯಲ್ಲಿ ಇನ್ನೂ ನೀರು ತುಂಬಿರುವಾಗಲೇ ತೆಗೆಸಬೇಕು. ನೀರು ಇಳಿದರೆ ಕಳೆ ಕೆಸರಿನ ಮೇಲೆ ಕೂರುತ್ತದೆ. ಹಿಟಾಚಿಯ ಬಕೆಟ್ ಅದರ ಜೊತೆ ತಳದ ಜೇಡಿಯನ್ನೂ ಕಿತ್ತು ಕೆರೆ ಸೋರತೊಡಗುತ್ತದೆ.

ಯಾವ ಕಳೆ ಎಂದು ಮೊದಲು ನೋಡಿ. ನೇರಳೆ ಹೂವಿನ ವಾಟರ್ ಹಯಸಿಂತ್ ಆದರೆ ಹೂ ಬಿಡುವ ಮೊದಲೇ ತೆಗೆಯಿರಿ, ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಜೀವ ಹಿಡಿದಿರುತ್ತದೆ. ನೀರಿನ ಮೇಲೆ ತೇಲುವ ಜರೀಗಿಡ ಸಾಲ್ವಿನಿಯಾಕ್ಕೆ ಬೀಜವಿಲ್ಲ, ಆದರೆ ಮತ್ತೆ ಹಬ್ಬಲು ಮೊಗ್ಗಿರುವ ಒಂದು ತುಂಡು ಉಳಿದರೂ ಸಾಕು. ನೀರೊಳಗಿನ ಹೈಡ್ರಿಲ್ಲಾವನ್ನು ಕತ್ತರಿಸಿ ಅಲ್ಲೇ ಬಿಟ್ಟರೆ ಒಂದೊಂದು ಚೂರೂ ಹೊಸ ಗಿಡ.

ದೊಡ್ಡ ಕೆರೆಗಳಲ್ಲಿ ಓಡಾಡುವ, ಕಳೆ ತೆಗೆಯುವ ಹಾರ್ವೆಸ್ಟರ್ ದೋಣಿ ಅರ್ಧ ಎಕರೆಯ ತೋಟದ ಕೆರೆಗೆ ಬೇಡ. ಈಚೆ ದಡದಿಂದ ಆಚೆ ದಡಕ್ಕೆ ನೈಲಾನ್ ಹಗ್ಗ ಹಾಕಿ, ಮುಚ್ಚಳ ಬಿಗಿದ ಖಾಲಿ ಕ್ಯಾನುಗಳನ್ನು ತೇಲಲು ಕಟ್ಟಿ, ಒಂದೂವರೆ ಅಡಿ ಆಳಕ್ಕೆ ಬಲೆ ಇಳಿಬಿಡಿ. ಎರಡೂ ದಡದಿಂದ ನಿಧಾನವಾಗಿ, ಗಾಳಿ ಬೀಸುವ ಕಡೆಗೇ ಎಳೆಯಿರಿ. ಗಾಳಿಗೆ ಎದುರಾಗಿ ಎಳೆದರೆ ಕಳೆ ಬಲೆಯಡಿ ನುಸುಳುತ್ತದೆ. ದಡಕ್ಕೆ ಒತ್ತಿದ ರಾಶಿಯನ್ನು ತಳದಲ್ಲಿ ತೂತಿರುವ ಬಕೆಟ್ಟಿನಿಂದ ಎತ್ತಿಸಿ, ನೀರು ಸೋರಲು ಅರೆ ನಿಮಿಷ ಮೇಲೆಯೇ ಹಿಡಿಯಲು ಹೇಳಿ. ಹಯಸಿಂತ್‌ನಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ, ಟಿಪ್ಪರ್ ಬಾಡಿಗೆ ಕೊಟ್ಟು ಅದನ್ನೇಕೆ ಸಾಗಿಸಬೇಕು? ಹಿಟಾಚಿಯನ್ನು ಏರಿಯ ಅಂಚಿಗೆ ನಿಲ್ಲಿಸಬೇಡಿ. ಮೀನಿದ್ದರೆ ಬೆಳಗಿನ ಜಾವ ಕೆಸರು ಕದಡಬೇಡಿ, ಆ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ.

ಯಂತ್ರ ಹೋದ ಮೇಲೆ ನಿಜವಾದ ಕೆಲಸ ಶುರು. ದಡದ ಹುಲ್ಲಿನ ಬುಡ, ಬಾಗಿದ ಕೊಂಬೆಯ ಕೆಳಗೆ, ತೂಬಿನ ಬಾಯಿ, ಇಲ್ಲೆಲ್ಲ ಬೆರಳುದ್ದದ ಸಸಿಗಳು ಉಳಿದಿರುತ್ತವೆ. ತೆಪ್ಪ ಮತ್ತು ಹಿಡಿಬಲೆ ಹಿಡಿದು ಎಲ್ಲವನ್ನೂ ಆರಿಸಬೇಕು, ಮುಂದೆ ಎರಡು ತಿಂಗಳು ವಾರಕ್ಕೊಮ್ಮೆ ಮತ್ತೆ ನೋಡಬೇಕು. ಬಿಸಿಲಿನ ದಿನಗಳಲ್ಲಿ ಹಯಸಿಂತ್ ಎರಡು ವಾರದೊಳಗೆ ದುಪ್ಪಟ್ಟಾಗುತ್ತದೆ. ಈ ಕೂಲಿ ಉಳಿಸಿದವರು ಮರುವರ್ಷ ಹಿಟಾಚಿಗೆ ಮತ್ತೆ ದುಡ್ಡು ಕಟ್ಟುತ್ತಾರೆ.

ರಾಶಿಯನ್ನು ದಡದಲ್ಲೇ ಬಿಟ್ಟರೆ ಮೊದಲ ಮಳೆಗೆ ಅದರ ರಸ, ಸಸಿ ಎರಡೂ ಕೆರೆಗೇ ವಾಪಸ್. ಇಳಿಜಾರು ಕೆರೆಯ ಕಡೆ ಇಲ್ಲದ ಜಾಗದಲ್ಲಿ ಬಾಡಿಸಿ, ಸಗಣಿ ಮತ್ತು ಕಾಫಿ ಸಿಪ್ಪೆ ಸೇರಿಸಿ, ಆಗಾಗ ಮಗುಚಿ ಗೊಬ್ಬರ ಮಾಡಿ. ರಾಶಿಯ ಒಳಗೆ ಕೈ ಇಡಲಾಗದಷ್ಟು ಬಿಸಿ ಹತ್ತಬೇಕು. ಹತ್ತದಿದ್ದರೆ ಬೀಜ ಸಾಯುವುದಿಲ್ಲ.

ನೀರು ಬರುವ ತೋಡಿಗೆ ಅದೇ ತೇಲುಬಲೆಯನ್ನು ಕಾಯಂ ಕಟ್ಟಿಬಿಡಿ. ಕಳೆಯನ್ನು ಕೊಬ್ಬಿಸುವ ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ನೀರು) ಮತ್ತು ಗೊಬ್ಬರ ತೊಳೆದ ನೀರು ಕೆರೆಗೆ ಇಳಿಯುವ ದಾರಿಯನ್ನೂ ಅದೇ ವಾರ ತಿರುಗಿಸಿ.